ಕೆಂಚಣ್ಣ ಅರ್ಧ ಬೆಲೆಗೆ ತಂದ ಪೆಟ್ಟಿಗೆ

ಒಂದು ಕಾಡಿನಲ್ಲಿ, ಹೊಳೆ ಎರಡಾಗಿ ಕವಲೊಡೆಯುವ ಕಡೆ, ಕೆಂಚಣ್ಣ ಎಂಬ ಮುಂಗುಸಿ ಇದ್ದ. ಅವನದು ಬಡಗಿ ಕೆಲಸ. ಒಂದೇ ಕಡೆ ಕೂರುವ ಬಡಗಿಯಲ್ಲ, ತಿರುಗಾಡುವ ಬಡಗಿ. ಅಳಿಲಿನ ಪೊಟರೆಗೆ ಬಾಗಿಲು ಕೂರಿಸುತ್ತಿದ್ದ. ಮುಳ್ಳುಹಂದಿಯ ಬಿಲದ ಹೊಸ್ತಿಲು ಸರಿಮಾಡುತ್ತಿದ್ದ. ಯಾರು ಕೂಗಿದರೂ ಹೋಗುತ್ತಿದ್ದ.

ಕೆಲಸದಲ್ಲಿ ಅವನು ಒಳ್ಳೆಯವನೇ. ಆದರೆ ಅವನಿಗೆ ಕೆಲಸಕ್ಕಿಂತ ಹೆಚ್ಚು ಹೆಮ್ಮೆ ಇದ್ದದ್ದು ತನ್ನ ಚೌಕಾಸಿಯ ಮೇಲೆ. 'ಕೆಂಚಣ್ಣನ ಮುಂದೆ ಹೇಳಿದ ಬೆಲೆ ನಿಲ್ಲುವುದಿಲ್ಲ' ಎಂದು ಕಾಡಿನವರೆಲ್ಲ ಹೇಳುತ್ತಾರೆಂದು ಅವನು ಹೇಳುತ್ತಿದ್ದ. ಕಾಡಿನವರು ಹಾಗೆ ಹೇಳಿದ್ದನ್ನು ಬೇರೆ ಯಾರೂ ಕೇಳಿರಲಿಲ್ಲ.

ಗರಗಸ, ಉಳಿ, ಸುತ್ತಿಗೆಗಳನ್ನು ಅವನು ಒಂದು ಗೋಣಿಚೀಲದಲ್ಲಿ ಹೊರುತ್ತಿದ್ದ. ಚೀಲ ಹಳೆಯದಾಗಿತ್ತು. ನಡೆಯುವಾಗ ಉಳಿಯ ಮೊನೆ ಹೊರಗೆ ಬಂದು ಬೆನ್ನಿಗೆ ಚುಚ್ಚುತ್ತಿತ್ತು. ಮಳೆಗಾಲ ಬೇರೆ ಹತ್ತಿರ ಬಂದಿತ್ತು.

"ಒಂದು ಪೆಟ್ಟಿಗೆ ಕೊಳ್ಳಬೇಕು" ಎಂದ ಕೆಂಚಣ್ಣ. "ಗೋಣಿ ನೆನೆದರೆ ಗರಗಸಕ್ಕೆ ತುಕ್ಕು ಹಿಡಿಯುತ್ತದೆ."

"ಕೊಳ್ಳಿ" ಎಂದಳು ಅವನ ಹೆಂಡತಿ ಚೆಲುವಿ. "ಬೆಲೆ ಕೇಳಿ, ಕೊಟ್ಟು, ತನ್ನಿ. ದಯವಿಟ್ಟು ಅಷ್ಟೇ ಮಾಡಿ."

"ಅಷ್ಟೇ ಮಾಡುವುದಕ್ಕೆ ಕೆಂಚಣ್ಣ ಯಾಕೆ ಬೇಕು? ಅದನ್ನು ಆಮೆಯೂ ಮಾಡುತ್ತದೆ."

ಬಿದ್ದ ಹೊನ್ನೆಮರವೊಂದರ ಬೇರಿನ ಕೆಳಗೆ ಹೆಗ್ಗಣಯ್ಯನ ಅಂಗಡಿ ಇತ್ತು. ಪೆಟ್ಟಿಗೆಗಳನ್ನು ಮಾಡುವವನೂ ಅವನೇ, ಮಾರುವವನೂ ಅವನೇ. ಹೋದ ವರ್ಷ ಒಂದು ಪೆಟ್ಟಿಗೆಗೆ ಎರಡು ಬುಟ್ಟಿ ನೆಲ್ಲಿಕಾಯಿ ತೆಗೆದುಕೊಳ್ಳುತ್ತಿದ್ದ. ಕೆಂಚಣ್ಣ ಒಂದೇ ಬುಟ್ಟಿ ಹೊತ್ತುಕೊಂಡು ಹೋದ.

ಒಳಗೆ ಕಾಲಿಟ್ಟ ಕೂಡಲೇ ಒಂದು ಪೆಟ್ಟಿಗೆ ಅವನ ಮನಸ್ಸಿಗೆ ಹಿಡಿಸಿತು. ಹೊನ್ನೆಯ ಹಲಗೆ. ಹಿಡಿಯಲು ಬೆತ್ತದ ಹಿಡಿ. ಒಳಗೆ ಉಳಿಗೆ ಬೇರೆ ಮನೆ, ಗರಗಸಕ್ಕೆ ಬೇರೆ ಮನೆ. ಮುಚ್ಚಳ ಹಿಂದುಗಡೆ ಎರಡು ಕೀಲುಗಳ ಮೇಲೆ ನಿಂತಿತ್ತು. ಪ್ರತಿ ಕೀಲಿಗೂ ಅದನ್ನು ಬಿಗಿಹಿಡಿಯುವ ಒಂದು ಪುಟ್ಟ ಮರದ ಬೆಣೆ. ಅದು ನೆಲ್ಲಿಬೀಜಕ್ಕಿಂತ ತುಸು ಉದ್ದ, ಅಷ್ಟೇ.

ಮನಸ್ಸಿಗೆ ಹಿಡಿಸಿದ್ದನ್ನು ಮುಖದಲ್ಲಿ ತೋರಿಸಬಾರದು, ಅದು ಚೌಕಾಸಿಯ ಮೊದಲ ಪಾಠ. ಕೆಂಚಣ್ಣ ಬೇವಿನಕಾಯಿ ಜಗಿದವನಂತೆ ಮುಖ ಮಾಡಿಕೊಂಡ. ಎರಡನೆಯ ಪಾಠವನ್ನು ಅವನೇ ಕಂಡುಹಿಡಿದಿದ್ದ. ಹೆಗ್ಗಣಯ್ಯ ಅತ್ತ ತಿರುಗಿ ಧೂಳು ಹೊಡೆಯುತ್ತಿದ್ದಾಗ ಇವನು ಉಗುರು ತೂರಿಸಿ ಒಂದು ಕೀಲಿನ ಬೆಣೆಯನ್ನು ಕಿತ್ತ. ಮನೆಗೆ ಹೋಗಿ ಮತ್ತೆ ತುರುಕಿದರೆ ಆಯಿತು, ಕಣ್ಣು ಮುಚ್ಚಿ ತೆರೆಯುವಷ್ಟರ ಕೆಲಸ. ಆದರೆ ಬೆಣೆಯನ್ನು ಎಲ್ಲಿಡುವುದು? ಮುಂಗುಸಿಗೆ ಜೇಬಿಲ್ಲ. ಅವನು ಅದನ್ನು ದವಡೆಯಲ್ಲಿಟ್ಟುಕೊಂಡ.

ಹೆಗ್ಗಣಯ್ಯ ಇತ್ತ ತಿರುಗಿದ. "ಬಾ ಕೆಂಚಣ್ಣ. ಏನದು ಕೆನ್ನೆ ಊದಿದೆ? ಹಲ್ಲುನೋವೇ?"

ಕೆಂಚಣ್ಣ ಹೌದೆಂದು ತಲೆಯಾಡಿಸಿದ. ಆಮೇಲೆ ಮುಚ್ಚಳವನ್ನು ಎತ್ತಿ ಅಲುಗಾಡಿಸಿ ತೋರಿಸಿದ. ಅದು ಒಂದೇ ಕೀಲಿನ ಮೇಲೆ ಕುಂಟಿತು.

"ಮುಗಿದಿದೆ" ಎಂದ. 'ಮುರಿದಿದೆ' ಎನ್ನಲು ಬೆಣೆ ಬಿಡಲಿಲ್ಲ.

"ಅಯ್ಯೋ, ಹೌದಲ್ಲ!" ಎಂದ ಹೆಗ್ಗಣಯ್ಯ. "ಬೇರೆ ತೋರಿಸಲೇ?"

ಕೆಂಚಣ್ಣ ಬೆಣೆಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿದ. "ಬೇಡ, ಇದೇ ಇರಲಿ. ಪಾಪ, ಇದನ್ನು ಇನ್ಯಾರು ಕೊಳ್ಳುತ್ತಾರೆ? ಅರ್ಧ ಬೆಲೆಗೆ ಕೊಡುವುದಾದರೆ ನಾನೇ ಒಯ್ಯುತ್ತೇನೆ."

ಹೆಗ್ಗಣಯ್ಯ ಅವನ ಮುಖ ನೋಡಿದ. ಕೆನ್ನೆ ನೋಡಿದ. ನೆಲ್ಲಿಕಾಯಿ ಬುಟ್ಟಿ ನೋಡಿದ.

"ಅರ್ಧ ಬೆಲೆಗೇ? ಆಯ್ತು, ತಗೊ. ಆದರೆ ಮುರಿದದ್ದು ಅಂತ ಗೊತ್ತಿದ್ದೇ ಒಯ್ಯುತ್ತಿದ್ದೀಯ. ನಾಳೆ ಬಂದು ಕೀಲು ಸರಿಯಿಲ್ಲ ಅನ್ನಬಾರದು."

ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಕೆಂಚಣ್ಣ ಅಂದುಕೊಂಡಿರಲಿಲ್ಲ. ಸಂತೋಷಕ್ಕೆ ಅವನ ಗಂಟಲು ಉಬ್ಬಿ ಬಂತು. ಒಮ್ಮೆ ಗುಟುಕರಿಸಿದ.

ಬೆಣೆ ಒಳಗೆ ಹೋಯಿತು.

ದಾರಿಯುದ್ದಕ್ಕೂ ಪೆಟ್ಟಿಗೆಯ ಮುಚ್ಚಳ ಲಟಲಟ ಅನ್ನುತ್ತಿತ್ತು. ಮನೆಗೆ ಬಂದವನೇ ಹೆಂಡತಿಗೆ ಮೊದಲು ಗೆದ್ದ ಸುದ್ದಿ ಹೇಳಿದ. ಬಹಳ ಹೊತ್ತಿನ ಮೇಲೆ ನುಂಗಿದ ಸುದ್ದಿ ಹೇಳಿದ.

ಚೆಲುವಿ ಪೆಟ್ಟಿಗೆಯನ್ನು ನೋಡಿದಳು, ಗಂಡನ ಹೊಟ್ಟೆಯನ್ನು ನೋಡಿದಳು. "ಚಿಂತೆ ಯಾಕೆ? ಒಳಗೆ ಹೋದದ್ದು ಹೊರಗೆ ಬರಲೇಬೇಕು. ಎರಡು ದಿನ ಕಾಯಿರಿ."

ಈ ಸಲಹೆ ಕೆಂಚಣ್ಣನಿಗೆ ಹಿಡಿಸಲಿಲ್ಲ. "ನಾನು ಬಡಗಿ. ಒಂದು ಬೆಣೆ ಕೆತ್ತಲಾರೆನೇ?"

ಕೆತ್ತಿದ. ಬಿದಿರಿನದು ಕೆತ್ತಿದ, ಸಣ್ಣದಾಯಿತು. ತೇಗದ್ದು ಕೆತ್ತಿದ, ದಪ್ಪವಾಯಿತು. ಸುತ್ತಿಗೆಯಿಂದ ಹೊಡೆದು ಕೂರಿಸಲು ಹೋದ, ಕೀಲೇ ಸೀಳಿತು. ಸೀಳಿದ ಕೀಲಿಗೆ ಬಳ್ಳಿ ಸುತ್ತಿದ. ಬಳ್ಳಿ ಸುತ್ತಿದ ಮೇಲೆ ಮುಚ್ಚಳ ಓರೆಯಾಯಿತು. ಓರೆ ತೆಗೆಯಲು ಹೆರೆದ. ಹೆರೆದ ಕಡೆ ಸಂದಿ ಬಿತ್ತು. ಬೇರೆಯವರ ಬಾಗಿಲನ್ನು ಒಂದೇ ಸಲಕ್ಕೆ ಕೂರಿಸುವವನಿಗೆ ತನ್ನ ಮುಚ್ಚಳ ಮಾತ್ರ ಒಲಿಯಲಿಲ್ಲ.

ಈ ನಡುವೆ ಅಳಿಲು ಬಂದು, "ಕೆಂಚಣ್ಣ, ಬಾಗಿಲು ಕಿರುಗುಟ್ಟುತ್ತಿದೆ" ಎಂದಿತು. "ನಾಳೆ ಬರುತ್ತೇನೆ, ಪೆಟ್ಟಿಗೆ ಒಂದು ಸಿದ್ಧವಾಗಲಿ" ಎಂದ. ಮುಳ್ಳುಹಂದಿ ಬಂತು. ಅದಕ್ಕೂ ಅದೇ ಮಾತು ಹೇಳಿದ.

"ಏನ್ರೀ," ಎಂದಳು ಚೆಲುವಿ, "ಪೆಟ್ಟಿಗೆಗೆ ನೀವು ಧಣಿಯೋ, ನಿಮಗೆ ಪೆಟ್ಟಿಗೆ ಧಣಿಯೋ? ಆ ಚೀಲಕ್ಕೆ ಒಂದು ತೇಪೆ ಹಾಕಿದ್ದೇನೆ. ಅದನ್ನೇ ಹೊತ್ತು ಕೆಲಸಕ್ಕೆ ಹೋಗಿ."

"ಅರ್ಧ ಬೆಲೆಗೆ ಬಂದದ್ದನ್ನು ಬಿಟ್ಟು ಗೋಣಿ ಹೊತ್ತರೆ ಜನ ನಗುವುದಿಲ್ಲವೇ?"

"ಈಗ ನಗುತ್ತಿಲ್ಲ ಅಂದುಕೊಂಡಿದ್ದೀರಾ?"

ಕೊನೆಗೆ ಕೆಂಚಣ್ಣ ಹಲಸಿನ ಅಂಟು ತಂದ. ಅದಕ್ಕೆ ಧೂಪದ ಮರದ ರಾಳ ಬೆರೆಸಿ ಕಾಯಿಸಿದ. ಪೆಟ್ಟಿಗೆ ಭಾರವಾಗಿ ಅಲುಗದೆ ಕೂರಲಿ ಎಂದು ಕೆಲಸದ ಸಾಮಾನನ್ನೆಲ್ಲ ಒಳಗೆ ತುಂಬಿ, ಮುಚ್ಚಳ ಹಾಕಿ, ಕೀಲಿಗೆ ಅಂಟು ಸುರಿದ. ಒಳ್ಳೆಯ ಕೆಲಸಕ್ಕೆ ಜಿಪುಣತನ ಮಾಡಬಾರದೆಂದು ಇನ್ನೂ ಸುರಿದ. ಅಂಟು ಕೀಲನ್ನು ತುಂಬಿ, ಮುಚ್ಚಳದ ಅಂಚು ಹಿಡಿದು, ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂತು. ಮರುದಿನದ ಹೊತ್ತಿಗೆ ಒಣಗಿ ಕಲ್ಲಾಯಿತು. ಕೆಂಚಣ್ಣ ಎತ್ತಿ ಅಲುಗಾಡಿಸಿ ನೋಡಿದ. ಲಟಲಟ ಇಲ್ಲ. ತಲೆಕೆಳಗು ಮಾಡಿದ. ಮುಚ್ಚಳ ಕದಲಲಿಲ್ಲ.

"ನೋಡಿದೆಯಾ? ಇನ್ನು ಒಂದು ಹನಿ ನೀರು ಒಳಗೆ ಹೋಗಲಿ ನೋಡೋಣ!"

ಚೆಲುವಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲೆ ರೆಕ್ಕೆಯ ದೊಡ್ಡ ಸದ್ದಾಯಿತು. ದೊಡ್ಡ ಕೊಕ್ಕಿನ ಗಂಡು ಮಂಗಟ್ಟೆ ಹಕ್ಕಿ ಅಂಗಳಕ್ಕೆ ಇಳಿದ.

ಮಂಗಟ್ಟೆಗಳ ಸಂಸಾರದ ರೀತಿ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಕೂತು, ಬಾಗಿಲಿಗೆ ತಾನೇ ಮಣ್ಣು ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಬಿಡುತ್ತದೆ. ಮರಿ ಬಲಿಯುವವರೆಗೆ ಗಂಡು ಆ ಸೀಳಿನಿಂದಲೇ ಹಣ್ಣು ಕೊಡುತ್ತದೆ.

"ಕೆಂಚಣ್ಣ, ಬೇಗ ಬಾ!" ಎಂದ ಮಂಗಟ್ಟೆ. "ನಿನ್ನೆಯ ಗಾಳಿಗೆ ಕೊಂಬೆಯೊಂದು ಮುರಿದು ನಮ್ಮ ಗೂಡಿನ ಬಾಯಿಗೇ ಸಿಕ್ಕಿಕೊಂಡಿದೆ. ಸೀಳು ಪೂರ್ತಿ ಮುಚ್ಚಿಹೋಗಿದೆ. ನಿನ್ನೆಯಿಂದ ಒಳಗೆ ಒಂದು ಹಣ್ಣೂ ಹೋಗಿಲ್ಲ. ಅವಳೂ ಮರಿಯೂ ಹಸಿದು ಕೂತಿದ್ದಾರೆ."

"ಎಳೆದು ತೆಗೆಯಲಾಗಲಿಲ್ಲವೇ?"

"ಎಳೆದರೆ ಗೋಡೆಯೇ ಕಿತ್ತು ಬರುತ್ತದೆ. ಮರಿಗೆ ಇನ್ನೂ ರೆಕ್ಕೆ ಬಲಿತಿಲ್ಲ, ಕೆಳಗೆ ಬೀಳುತ್ತದೆ. ಗರಗಸದಿಂದ ಕುಯ್ದೇ ತೆಗೆಯಬೇಕು."

ಕೆಂಚಣ್ಣ ಪೆಟ್ಟಿಗೆ ಹಿಡಿದು ಓಡಿದ. ಹೊಳೆದಂಡೆಯ ದೊಡ್ಡ ಮರದ ಕೆಳಗೆ ನಿಂತು, ಪೆಟ್ಟಿಗೆಯನ್ನು ಗತ್ತಿನಿಂದ ಕೆಳಗಿಟ್ಟು, ಮುಚ್ಚಳಕ್ಕೆ ಕೈ ಹಾಕಿದ.

ಮುಚ್ಚಳ ಏಳಲಿಲ್ಲ.

ಉಗುರು ತೂರಿಸಿದ. ಹಲ್ಲು ಹಾಕಿದ. ಬೆನ್ನು ಕೊಟ್ಟು ತಳ್ಳಿದ.

"ಏನಾಯ್ತು?" ಎಂದ ಮಂಗಟ್ಟೆ.

"ಏನಿಲ್ಲ, ಸ್ವಲ್ಪ ಬಿಗಿಯಾಗಿದೆ. ಒಂದು ಉಳಿ ಇದ್ದರೆ ಸಂದಿಗೆ ಕೊಟ್ಟು ಎಬ್ಬಿಸಬಹುದಿತ್ತು."

"ಉಳಿ ಎಲ್ಲಿದೆ?"

"ಪೆಟ್ಟಿಗೆಯೊಳಗೆ."

"ಸುತ್ತಿಗೆ?"

"ಅದೂ ಅಲ್ಲೇ."

ಮಂಗಟ್ಟೆ ತನ್ನ ದೊಡ್ಡ ಕೊಕ್ಕನ್ನು ಒಂದು ಕಡೆಗೆ ವಾಲಿಸಿ ಅವನನ್ನೇ ನೋಡಿದ. ಕೆಂಚಣ್ಣ ಕಲ್ಲು ತಂದು ಕುಟ್ಟಿದ. ಹೊನ್ನೆಯ ಹಲಗೆ ಜಗ್ಗಲಿಲ್ಲ. ಹೆಗ್ಗಣಯ್ಯ ಕಳಪೆ ಪೆಟ್ಟಿಗೆ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸಲ ಅನಿಸಿತು.

ಮೇಲಿನಿಂದ ಮರಿಯ ಅಳು ಕೇಳುತ್ತಿತ್ತು. ಬರಬರುತ್ತಾ ಅದು ಸಣ್ಣದಾಯಿತು.

"ಕೊಡು ಇತ್ತ" ಎಂದ ಮಂಗಟ್ಟೆ. "ಮೇಲೆ ಒಯ್ದು ಆ ಬಂಡೆಯ ಮೇಲೆ ಬಿಡುತ್ತೇನೆ."

"ಬಂಡೆಯ ಮೇಲೆಯೇ? ಅಣ್ಣಾ, ಹೊಸ ಪೆಟ್ಟಿಗೆ! ಅರ್ಧ ಬೆಲೆಗೆ..." ಎಂದು ಕೆಂಚಣ್ಣ ಪೆಟ್ಟಿಗೆಯನ್ನು ಅಪ್ಪಿಕೊಂಡ. ಆಗ ಮೇಲೆ ಅಳು ನಿಂತಿತು. ಅದು ನಿಂತದ್ದು ಕೇಳಿ ಅವನ ಕೈ ತಾನಾಗಿಯೇ ಸಡಿಲವಾಯಿತು.

"ಒಡಿ" ಎಂದ.

ಮಂಗಟ್ಟೆ ಪೆಟ್ಟಿಗೆಯ ಹಿಡಿಯನ್ನು ಕಾಲುಗುರಿನಿಂದ ಬಿಗಿಹಿಡಿದು, ಮರದ ತುದಿಗಿಂತ ಮೇಲೆ ಹಾರಿ, ಬಿಟ್ಟ. ಪಟಾರ್! ಹಲಗೆಗಳು ದಿಕ್ಕಿಗೊಂದು ಹಾರಿದವು. ಗರಗಸ ಬಂಡೆಯ ಮೇಲೆ ಠಣ್ಣೆಂದಿತು. ಉಳಿ ಮರಳಿನಲ್ಲಿ ನೆಟ್ಟಗೆ ನಿಂತಿತು. ಪೆಟ್ಟಿಗೆಯಲ್ಲಿ ಮುರಿಯದೆ ಉಳಿದದ್ದು ಒಂದೇ ಒಂದು. ಅದು ಕೆಂಚಣ್ಣ ರಿಪೇರಿ ಮಾಡಿದ ಕೀಲು.

ಅದನ್ನು ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ. ಅವನು ಗರಗಸ ಕಚ್ಚಿಕೊಂಡು ಮರ ಹತ್ತಿದ. ಕೊಂಬೆಯನ್ನು ಗೋಡೆಗೆ ತಾಗದಂತೆ ನಿಧಾನವಾಗಿ ಕುಯ್ದ. ಒಂದು ತುಂಡು ಬಿತ್ತು. ಇನ್ನೊಂದು ತುಂಡು ಬಿತ್ತು. ಸೀಳು ಕಂಡಿತು. ಸೀಳಿನಿಂದ ಒಂದು ಕೊಕ್ಕು ಹೊರಗೆ ಬಂತು. ಮಂಗಟ್ಟೆ ಅತ್ತಿಹಣ್ಣನ್ನು ಅದಕ್ಕಿಟ್ಟ. ಕೊಕ್ಕು ಒಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮರಿ ಮತ್ತೆ ಅಳತೊಡಗಿತು. ಇನ್ನೊಂದು ಹಣ್ಣು ಬೇಕೆಂದು, ಗಟ್ಟಿಯಾಗಿ.

ಅಷ್ಟು ಇಂಪಾದ ಅಳುವನ್ನು ಕೆಂಚಣ್ಣ ಅದುವರೆಗೆ ಕೇಳಿರಲಿಲ್ಲ.

ತಾಯಿ ಸೀಳಿಗೆ ಒಂದು ಕಣ್ಣು ಇಟ್ಟು ಕೆಳಗಿನ ಚೂರುಗಳನ್ನು ನೋಡಿದಳು. "ಕೆಂಚಣ್ಣ, ನಿನ್ನಿಂದ ಉಳಿದೆವು. ಆದರೂ ಒಂದು ಮಾತು. ಬಾಗಿಲು ಮೆತ್ತುವ ಕೆಲಸ ನಮ್ಮ ಮನೆತನದ್ದು. ನಾವೂ ಭದ್ರವಾಗಿಯೇ ಮೆತ್ತುತ್ತೇವೆ. ಆದರೆ ಒಂದು ಸೀಳು ಬಿಡುತ್ತೇವಪ್ಪ."

ಮಂಗಟ್ಟೆ ಕಕ್ಕಕ್ಕ ಎಂದು ನಕ್ಕ. "ಕೂಲಿ ಏನು ಕೊಡಲಿ?"

"ಕೂಲಿ ಬೇಡ" ಎಂದ ಕೆಂಚಣ್ಣ. "ಇದನ್ನು ಯಾರಿಗೂ ಹೇಳಬೇಡ, ಸಾಕು."

ಮಂಗಟ್ಟೆ ಒಪ್ಪಿಕೊಂಡ. ಆದರೆ ಮಂಗಟ್ಟೆಯ ಪಿಸುಮಾತೂ ಹೊಳೆಯಾಚೆಗೆ ಕೇಳುತ್ತದೆ. ಸಂಜೆಯೊಳಗೆ ಕಾಡಿಗೆಲ್ಲ ಗೊತ್ತಾಗಿತ್ತು.

ಮರುದಿನ ಕೆಂಚಣ್ಣ ಆ ಕೀಲನ್ನು ಹಿಡಿದುಕೊಂಡು ಹೆಗ್ಗಣಯ್ಯನ ಅಂಗಡಿಗೆ ಹೋದ. ನಡೆದದ್ದನ್ನೆಲ್ಲ ಹೇಳಿದ. ಬೆಣೆ ಕಿತ್ತದ್ದನ್ನೂ ಹೇಳಿದ.

"ಗೊತ್ತಿತ್ತು" ಎಂದ ಹೆಗ್ಗಣಯ್ಯ. "ಹಲ್ಲುನೋವು ಬಂದವನು ಅಷ್ಟು ಖುಷಿಯಾಗಿರುವುದಿಲ್ಲ."

"ಗೊತ್ತಿದ್ದೂ ಅರ್ಧ ಬೆಲೆಗೆ ಕೊಟ್ಟೆಯಾ?"

"ಮಳೆಗಾಲದಲ್ಲಿ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ ಕೆಂಚಣ್ಣ. ಆ ವಾರವೆಲ್ಲ ಅಂಗಡಿಯ ಪ್ರತಿ ಪೆಟ್ಟಿಗೆಗೂ ಅರ್ಧ ಬೆಲೆಯೇ ಇತ್ತು. ನಿನಗಿಂತ ಮುಂಚೆ ಆಮೆ ಬಂದು, ಬೆಲೆ ಕೇಳಿ, ಒಂದು ಬುಟ್ಟಿ ಕೊಟ್ಟು, ಎರಡೂ ಕೀಲು ಸರಿಯಿರುವ ಪೆಟ್ಟಿಗೆ ಒಯ್ದಿತು. ನೀನು ಬೆಲೆ ಕೇಳಲೇ ಇಲ್ಲ."

ಕೆಂಚಣ್ಣ ಮೆಲ್ಲಗೆ ಅಲ್ಲೇ ಬೇರಿನ ಮೇಲೆ ಕೂತ. "ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನನ್ನ ಪೆಟ್ಟಿಗೆ ಕೆಡಿಸಿದ್ದೆಯಲ್ಲ, ಸ್ವಲ್ಪ ಸಿಟ್ಟಿತ್ತು. ಅದೂ ಅಲ್ಲದೆ, ಗೆದ್ದೆ ಅಂತ ನೀನು ಅಷ್ಟು ಸಂತೋಷಪಡುತ್ತಿದ್ದೆ. ಯಾಕೆ ಹಾಳುಮಾಡಲಿ ಅನಿಸಿತು." ಹೆಗ್ಗಣಯ್ಯ ಒಂದು ತೆಂಗಿನ ಚಿಪ್ಪನ್ನು ಮುಂದೆ ಸರಿಸಿದ. ಅದರ ತುಂಬ ಪುಟ್ಟ ಬೆಣೆಗಳಿದ್ದವು. "ಬೆಣೆ ನುಂಗಿಬಿಟ್ಟೆ ಅಂತ ಬಂದು ನಿಜ ಹೇಳಿದ್ದರೆ ಒಂದು ಪುಕ್ಕಟೆ ಕೊಡುತ್ತಿದ್ದೆ."

ಕೆಂಚಣ್ಣ ಚಿಪ್ಪನ್ನು ನೋಡಿದ. ಕೈಯಲ್ಲಿದ್ದ ಕೀಲನ್ನು ನೋಡಿದ. ಮೊದಲು ಅವನ ಮೀಸೆ ಅದುರಿತು, ಆಮೇಲೆ ಹೊಟ್ಟೆ ಅದುರಿತು. ಅವನು ನಗತೊಡಗಿದ. ಬೇರಿನಿಂದ ಜಾರಿ ಬೀಳುವವರೆಗೆ ನಕ್ಕ.

ಆ ಮಳೆಗಾಲ ಚೆಲುವಿ ಪೆಟ್ಟಿಗೆಯ ಚೂರುಗಳನ್ನು ಒಲೆಗೆ ಹಾಕಿದಳು. ಧೂಪದ ರಾಳ ಹತ್ತಿದ್ದರಿಂದ ಮನೆಯೆಲ್ಲ ಘಮಘಮ ಎಂದಿತು. "ಇಷ್ಟು ದುಬಾರಿ ಧೂಪವನ್ನು ಈ ಕಾಡಿನಲ್ಲಿ ಯಾರೂ ಹಾಕಿಲ್ಲ" ಎಂದಳು. ಕೆಂಚಣ್ಣ ತೇಪೆ ಹಾಕಿದ ಗೋಣಿಯನ್ನೇ ಹೊತ್ತು, ಮೇಲೊಂದು ಕೆಸುವಿನ ಎಲೆ ಮುಚ್ಚಿಕೊಂಡು, ಅಳಿಲಿನ ಬಾಗಿಲಿಗೆ ಹೋದ, ಮುಳ್ಳುಹಂದಿಯ ಹೊಸ್ತಿಲಿಗೆ ಹೋದ.

"ಕೆಂಚಣ್ಣ, ನಿನ್ನ ಪೆಟ್ಟಿಗೆ ಎಲ್ಲಿ?" ಎಂದು ಎಲ್ಲರೂ ಬೇಕೆಂದೇ ಕೇಳುತ್ತಿದ್ದರು.

"ಸ್ವಲ್ಪ ಒಲೆಯಲ್ಲಿದೆ" ಎನ್ನುತ್ತಿದ್ದ ಕೆಂಚಣ್ಣ. "ಸ್ವಲ್ಪ ನನ್ನ ಹೊಟ್ಟೆಯಲ್ಲಿದೆ."

ನೀತಿ: ಬೆಲೆ ಇಳಿಸಲೆಂದು ವಸ್ತುವನ್ನು ಕೆಡಿಸುವ ಜಾಣ ಕೊನೆಗೆ ಕೆಡಿಸಿಕೊಳ್ಳುವುದು ತನ್ನ ಕೆಲಸವನ್ನೇ. ಉಪಾಯ ಹೂಡುವ ಮೊದಲು ಬೆಲೆ ಕೇಳಬೇಕು.