ಕಮ್ಮಾರನ ಮಗಳ ಸೈಕಲ್

"ಗುರುಗಳೇ, ನನ್ನ ಸೈಕಲ್ಲಿಗೆ ಯಾವ ಬಣ್ಣ ಹೊಡೆಸಲಿ?" ಎಂದು ಯಲಗೂರೇಶ ಕೇಳಿದ.

ವಿಜಯಪುರದ ಹೊರವಲಯದಲ್ಲಿ ಮುರಿಗೆಪ್ಪ ಗುರುಗಳು ಬಹುಕಾಲದಿಂದ ಸೈಕಲ್ ಓಟ ಕಲಿಸುತ್ತಿದ್ದರು. ಯಲಗೂರೇಶ ಅವರ ಶಿಷ್ಯ. ಟ್ರ್ಯಾಕಿನ ಮೇಲೆ ಓಡಿಸಲೆಂದು ಅವನು ಒಂದು ಉಕ್ಕಿನ ಫ್ರೇಮ್ ಮಾಡಿಸಿ ತಂದಿದ್ದ. ತಂದ ದಿನದಿಂದ ಅದು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಅದಕ್ಕೆ ಇನ್ನೂ ಚಕ್ರ ಬಂದಿರಲಿಲ್ಲ, ಪ್ರಶ್ನೆಗಳು ಮಾತ್ರ ಬಂದಿದ್ದವು. ರಿಮ್ ಕಪ್ಪಗಿರಬೇಕೋ ಬೆಳ್ಳಗಿರಬೇಕೋ ಎಂದು ಕೇಳಿದ್ದ. ಸೀಟು ಚರ್ಮದ್ದೋ ಪ್ಲಾಸ್ಟಿಕ್ಕಿನದೋ ಎಂದು ಕೇಳಿದ್ದ. ಗುರುಗಳು ಪ್ರತಿ ಸಲವೂ ಉತ್ತರ ಕೊಟ್ಟಿದ್ದರು. ಅವನು ಪ್ರತಿ ಸಲವೂ ತಲೆಯಾಡಿಸಿ, ಅದನ್ನೇ ಇನ್ನೊಬ್ಬರ ಹತ್ತಿರ ಕೇಳಲು ಹೋಗಿದ್ದ.

ಗುರುಗಳು ಚೈನು ಒರೆಸುತ್ತಿದ್ದ ಅರಿವೆಯನ್ನು ಕೆಳಗಿಟ್ಟರು.

"ನಿನ್ನೆ ಏನು ಹೇಳಿದ್ದೆ?"

"ಕೆಂಪು ಅಂದಿದ್ರಿ."

"ಮತ್ತ?"

"ಕೆಂಪು ಚಲೋನ ಅದರಿ. ಆದರ ಹ್ಯಾಂಡಲ್ಲಿಗೆ ಕರಿ ಪಟ್ಟಿ ಸುತ್ತಿದರ ಅದು..."

"ಕೂಡ್ರು," ಎಂದರು ಗುರುಗಳು. "ಒಂದು ಕತೆ ಹೇಳ್ತೀನಿ. ನಡುವ ಬಾಯಿ ತೆರೀಬ್ಯಾಡ."

ಯಲಗೂರೇಶ ನೆಲದ ಮೇಲೆ ಕೂತ. ಗುರುಗಳು ಹೇಳಿದರು.

ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರೇಲರು, ಕಬ್ಬಿಣದ್ದು ಏನಿದ್ದರೂ ಮಾಡುತ್ತಿದ್ದ. ಅವನು ಬೆಸೆದದ್ದು ಬಿಟ್ಟುಹೋಯಿತು ಎಂದು ಯಾರೂ ಹೇಳಿದ್ದಿಲ್ಲ. ಅವನಿಗೆ ಒಬ್ಬಳೇ ಮಗಳು.

ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ಎದುರುಗಾಳಿಯಲ್ಲಿ ಎಲ್ಲರೂ ಇಳಿದು ತಳ್ಳುವಾಗ ಅವಳು ತುಳಿಯುತ್ತಲೇ ಇರುತ್ತಿದ್ದಳು. ಒಬ್ಬ ತರಬೇತುದಾರ ಅದನ್ನು ನೋಡಿದ. ತಂದೆತಾಯಿಯ ಒಪ್ಪಿಗೆ ಕೇಳಿ, ಅವಳನ್ನು ಕ್ರೀಡಾ ನಿಲಯಕ್ಕೆ ಸೇರಿಸಿಕೊಂಡ. ಅಲ್ಲಿ ಅವಳು ಟ್ರ್ಯಾಕ್ ಸೈಕಲ್ ಕಲಿತಳು. ಅದಕ್ಕೆ ಬ್ರೇಕ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತದೆ, ಕಾಲಿಗೆ ಬಿಡುವಿಲ್ಲ. ಆ ಸೈಕಲ್ ಸವಾರನ ಮೈಗೆ ಸರಿಯಾಗಿ ಹೊಂದಬೇಕು. ನಿಲಯದ ಸೈಕಲ್ಲೋ ಎಲ್ಲರದು. ಒಬ್ಬಳಿಗೆ ಸೀಟು ಏರಿಸಬೇಕು, ಇನ್ನೊಬ್ಬಳಿಗೆ ಇಳಿಸಬೇಕು. ಅದರ ಮೇಲೆಯೇ ಅವಳು ತನ್ನ ಓರಗೆಯವರನ್ನೆಲ್ಲ ಹಿಂದೆ ಹಾಕಿದಳು.

ಕಮ್ಮಾರ ಒಮ್ಮೆ ಅವಳ ಓಟ ನೋಡಿಬಂದ. ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ನನ್ನ ಮಗಳು ಮಂದಿ ಸೈಕಲ್ ಯಾಕ ತುಳೀಬೇಕು? ನಾನು ಕಮ್ಮಾರ ಅಲ್ಲೇನು?"

ಉಕ್ಕಿನ ತೆಳುವಾದ ಕೊಳವೆ ತರಿಸಿದ. ಮಗಳನ್ನು ಗೋಡೆಗೆ ನಿಲ್ಲಿಸಿ ಕಾಲು, ತೋಳು, ಬೆನ್ನು ಎಲ್ಲದರ ಅಳತೆ ತೆಗೆದ. ಒಂದು ಬೇಸಿಗೆಯಲ್ಲಿ ಫ್ರೇಮ್ ಸಿದ್ಧವಾಯಿತು. ಬೆಸುಗೆ ಎಲ್ಲಿದೆಯೆಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಬೇರೆ ಸೈಕಲ್ಲಿನ ಗಾಲಿ ಹಾಕಿ, ಹ್ಯಾಂಡಲ್ ಸಿಕ್ಕಿಸಿ, ಅವಳನ್ನು ಅಂಗಳದಲ್ಲಿ ಕೂರಿಸಿದ. ಅವಳು ಗೋಡೆ ಹಿಡಿದು ಪೆಡಲ್ ಮೇಲೆ ಕಾಲಿಟ್ಟಳು. ಕಾಲು ಎಲ್ಲಿ ಇರಬೇಕೋ ಅಲ್ಲೇ ಇತ್ತು.

"ಅಪ್ಪಾ, ಇದು ನನ್ನ ಸಲುವಾಗೇ ಹುಟ್ಟೇದ," ಎಂದಳು.

ಆ ಮಾತು ಕೇಳಿ ಕಮ್ಮಾರನ ಕಣ್ಣು ತುಂಬಿತು. ಅಲ್ಲಿಂದಲೇ ಅವನು ಕೆಟ್ಟ. ಇಂಥ ಫ್ರೇಮಿಗೆ ಸಿಕ್ಕಿದ್ದನ್ನು ಹಾಕುವುದು ಹೇಗೆ ಎಂದುಕೊಂಡ. ಎರವಲು ಗಾಲಿ ಬಿಚ್ಚಿಟ್ಟ. ಎಲ್ಲವನ್ನೂ ಆರಿಸಿ ತರುತ್ತೇನೆ, ಒಂದು ತಿಂಗಳು ತಾಳು ಎಂದು ಮಗಳನ್ನು ನಿಲಯಕ್ಕೆ ಕಳಿಸಿದ.

ಮೊದಲು ಗಾಲಿಯ ನಡುವೆ ಕೂರುವ ಹಬ್ ತಂದ. ಅದು ಬೆಳ್ಳಗೆ ಹೊಳೆಯುತ್ತಿತ್ತು. ಹಬ್ ಹೊಳೆದರೆ ರಿಮ್ ಕೂಡ ಹೊಳೆಯಬೇಕು ಎಂದು ಅಂಥದೇ ರಿಮ್ ತಂದ. ಆಮೇಲೆ ಹ್ಯಾಂಡಲ್ ತಂದ. ಅದರ ಹೊಳಪಿನಲ್ಲಿ ಸ್ವಲ್ಪ ನೀಲಿ ಛಾಯೆ ಇತ್ತು, ಹಬ್ಬಿನಲ್ಲಿ ಇರಲಿಲ್ಲ. ಹ್ಯಾಂಡಲ್ ವಾಪಸು ಹೋಯಿತು. ಇನ್ನೊಂದು ಬಂತು. ಅದರ ಹೊಳಪು ಹಬ್ಬಿಗೆ ಸರಿಹೋಯಿತು, ಆದರೆ ರಿಮ್ಮಿಗೆ ಸರಿಹೋಗಲಿಲ್ಲ. ರಿಮ್ ವಾಪಸು ಹೋಯಿತು.

ಪೆಡಲಿನ ತೋಳು ಎಷ್ಟು ಉದ್ದ ಇರಬೇಕು ಎಂದು ಐದು ಜನರನ್ನು ಕೇಳಿದ. ಆರು ಉತ್ತರ ಬಂದವು. ಉದ್ದವಿದ್ದರೆ ಬಲ ಹೆಚ್ಚು ಎಂದರು. ಗಿಡ್ಡವಿದ್ದರೆ ಕಾಲು ಬೇಗ ತಿರುಗುತ್ತದೆ ಎಂದರು. ಮುಂದಿನ ಹಲ್ಲುಚಕ್ರಕ್ಕೆ ಹಲ್ಲು ಹೆಚ್ಚಿರಲಿ ಎಂದ ಒಬ್ಬ. ಹೆಚ್ಚಿದ್ದರೆ ಹೊರಡುವಾಗಲೇ ಹುಡುಗಿ ಸೋಲುತ್ತಾಳೆ ಎಂದ ಇನ್ನೊಬ್ಬ. ರಜೆಗೆ ಬಂದ ಮಗಳು, "ಯಾವುದರೆ ಹಾಕಪಾ, ನಾ ತುಳೀತೀನಿ," ಎಂದಳು. ಕಮ್ಮಾರ ನಕ್ಕು, ನಿನಗೆ ತಿಳಿಯುವುದಿಲ್ಲ ಎಂದ.

ಮನೆ ತುಂಬ ಬಿಡಿಭಾಗ ಸೇರಿದವು. ಜೋಳದ ಡಬ್ಬಿಯ ಮೇಲೆ ಚೈನು, ದೇವರ ಮಾಡದಲ್ಲಿ ಪೆಡಲು. ಊಟಕ್ಕೆ ಕೂತರೂ ತಟ್ಟೆಯ ಪಕ್ಕ ಎರಡು ಬೋಲ್ಟ್ ಇಟ್ಟುಕೊಂಡು ಹೆಂಡತಿಗೆ ತೋರಿಸುತ್ತಿದ್ದ. "ಇವೆರಡರಾಗ ಯಾವುದು ಚೆಂದ?"

"ಯಾವುದು ಲಗೂನ ಹೊರಗ ಹೋಗ್ತದೋ ಅದು," ಎಂದು ಅವಳು ರೊಟ್ಟಿಯನ್ನು ತಟ್ಟೆಗೆ ಎಸೆದಳು.

ಇನ್ನು ಬಣ್ಣದ ಮಾತು. ಬಣ್ಣ ಹೊಡೆಯುವವನೊಬ್ಬ ಆ ಊರಿನಲ್ಲಿದ್ದ. ಅವನು ಮೊದಲು ಎಳೆ ಜೋಳದ ಗರಿಯಂಥ ಹಸಿರು ಹೊಡೆದುಕೊಟ್ಟ. ನೆರಳಿನಲ್ಲಿ ಚೆನ್ನಾಗಿತ್ತು. ಬಿಸಿಲಿಗೆ ತಂದರೆ ಬಸ್‌ ನಿಲ್ದಾಣದ ಗೋಡೆಯ ಹಾಗೆ ಕಂಡಿತು. ಕೆರೆಸಿದ. ಆಮೇಲೆ ಇಳಕಲ್ ಸೀರೆಯ ಸೆರಗಿನ ಕೆಂಪು. ಅದು ಎಲ್ಲರಿಗೂ ಹಿಡಿಸಿತು. ಆದರೆ ಕೆಂಪಿನ ಮೇಲೆ ಕರಿ ಸೀಟು ಇಟ್ಟಾಗ ಮದುವೆಯ ಬ್ಯಾಂಡಿನವರ ಅಂಗಿ ನೆನಪಾಯಿತು. ಕಂದು ಸೀಟು ತಂದ. ಕಂದು ಸೀಟಿಗೆ ಹ್ಯಾಂಡಲ್ಲಿನ ಪಟ್ಟಿಯೂ ಕಂದಾಗಬೇಕಾಯಿತು. ಪಟ್ಟಿ ಕಂದಾದ ಮೇಲೆ ಕೆಂಪು ಮಂಕಾಯಿತು. ಮತ್ತೆ ಕೆರೆಸಿದ. ಹಳದಿ ಹೊಡೆಸಿದ. ಅದನ್ನೂ ಕೆರೆಸಿದ. ಒಂದು ತಿಂಗಳು ಎಂದದ್ದು ವರ್ಷಗಳಾಯಿತು.

ಬಣ್ಣದವನು ಉಜ್ಜುವ ಕಾಗದವನ್ನು ನೆಲಕ್ಕೆ ಬಡಿದ. "ಯಜಮಾನರ, ನಾ ಲಾರಿಗೆ ಹೊಡದೀನಿ, ದೇವರ ಪಲ್ಲಕ್ಕಿಗೆ ಹೊಡದೀನಿ. ಪಲ್ಲಕ್ಕ್ಯಾಗ ಕೂಡ್ರೋ ದೇವರು ಸುದ್ದಾ ನನ್ನ ಹಿಂಗ ಕಾಡಿಲ್ಲ."

"ದೇವರು ಓಟಕ್ಕ ಹೋಗಂಗಿಲ್ಲ," ಎಂದ ಕಮ್ಮಾರ.

ಇಷ್ಟರಲ್ಲಿ ನಿಲಯದಲ್ಲಿ ಒಂದು ಸಂಗತಿ ನಡೆದಿತ್ತು. ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಸೈಕಲ್ ಇರಲಿಲ್ಲ. ತರಬೇತುದಾರ ಕಮ್ಮಾರನ ಮಗಳನ್ನು ಕರೆದು, ನಿನ್ನ ತಂದೆ ನಿನಗಾಗಿ ಮಾಡುತ್ತಿದ್ದಾನಲ್ಲ, ನೀನು ತುಳಿಯುವುದನ್ನು ಇವಳಿಗೆ ಬಿಟ್ಟುಕೊಡು ಎಂದ. ಇಂದೋ ನಾಳೆಯೋ ತನ್ನದು ಬರುತ್ತದೆಂದು ಅವಳು ಬಿಟ್ಟುಕೊಟ್ಟಳು. ಆ ದಿನದಿಂದ ಅವಳ ಕೈಯಲ್ಲಿ ಸೈಕಲ್ ಇರಲಿಲ್ಲ. ಬೆಳಿಗ್ಗೆ ಎಲ್ಲರೂ ಸೈಕಲ್ ಹತ್ತಿದರೆ ಅವಳು ಟ್ರ್ಯಾಕಿನ ಬದಿಯಲ್ಲಿ ಓಡುತ್ತಿದ್ದಳು.

ರಾಜ್ಯದ ತಂಡಕ್ಕೆ ಆಯ್ಕೆಯ ದಿನ ಗೊತ್ತಾಯಿತು. ಮುಂದಿನ ವರ್ಷ ಅವಳು ದೊಡ್ಡವರ ಗುಂಪಿಗೆ ಸೇರಬೇಕಾಗಿತ್ತು. ಕಿರಿಯರಲ್ಲಿ ಗೆಲ್ಲಲು ಇದೇ ಕೊನೆಯ ಅವಕಾಶ. ಅವಳು ಬಸ್ ಹತ್ತಿ ಊರಿಗೆ ಬಂದಳು.

"ಅಪ್ಪಾ, ಯಾವುದರೆ ಗಾಲಿ ಹಾಕಿ ಕೊಡು. ಒಂದಿನಕ್ಕ ಸಾಕು. ಆಮ್ಯಾಲೆ ನಿನಗ ಬೇಕಾದಂಗ ಮಾಡು."

ಫ್ರೇಮ್ ಹಗ್ಗಕ್ಕೆ ತೂಗುತ್ತಿತ್ತು. ಅದಕ್ಕೆ ಅಂದು ಬೆಳಿಗ್ಗೆ ಬಿಳಿ ಹೊಡೆದಿದ್ದರು. ಕಮ್ಮಾರ ಮಗಳ ಮುಖ ನೋಡಿದ, ಫ್ರೇಮ್ ನೋಡಿದ.

"ಬಣ್ಣ ಇನ್ನೂ ಹಸಿ ಅದ ಮಗಳ. ಈಗ ಗೀರು ಬಿದ್ದರ ಏನು ಮಾಡಲಿ?"

ಅವಳು ತಾಯಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಬಸ್ಸಿಗೆ ಹೋದಳು.

ಟ್ರ್ಯಾಕಿನ ಓಟದಲ್ಲಿ ಸವಾರ ಹೊರಡುವ ತನಕ ಒಬ್ಬರು ಹಿಂದೆ ನಿಂತು ಸೀಟು ಹಿಡಿದಿರಬೇಕು. ಕಾಲು ಪೆಡಲಿಗೆ ಬಿಗಿದಿರುತ್ತದೆ, ಹಿಡಿಯದಿದ್ದರೆ ಬೀಳುತ್ತಾರೆ. ಆಯ್ಕೆಯ ದಿನ ಕಮ್ಮಾರನ ಮಗಳು ಆ ಹೊಸ ಹುಡುಗಿಯ ಸೀಟು ಹಿಡಿದು ನಿಂತಳು. ಸೈಕಲ್ ಒಂದಿಷ್ಟೂ ಅಲುಗಾಡದ ಹಾಗೆ ಹಿಡಿದಿದ್ದಳು. ಸೀಟಿ ಊದಿದಾಗ ಕೈ ಬಿಟ್ಟಳು. ಹುಡುಗಿ ಗೆದ್ದಳು, ತಂಡಕ್ಕೆ ಆಯ್ಕೆಯಾದಳು. ಹಿಂದಿನ ವರ್ಷ ಅದೇ ಟ್ರ್ಯಾಕಿನಲ್ಲಿ ಕಮ್ಮಾರನ ಮಗಳು ಅದಕ್ಕಿಂತ ಬೇಗ ಓಡಿಸಿದ್ದಳು. ತರಬೇತುದಾರನಿಗೆ ಅದು ನೆನಪಿತ್ತು. ಅವನು ಅವಳ ಕಡೆ ನೋಡಲು ಆಗದೆ ಬೇರೆ ಕಡೆ ಹೋದ.

ಮಗಳು ಊರಿಗೆ ಬಂದಾಗ ಕಮ್ಮಾರ ಬಾಗಿಲಲ್ಲೇ ಕೇಳಿದ: "ಗೆದ್ದಾಕಿ ಸೈಕಲ್ಲಿನ ರಿಮ್ ಕರೇವು ಇದ್ದವೋ, ಬಿಳೇವೋ?"

"ನಾ ನೋಡಲಿಲ್ಲ," ಎಂದು ಅವಳು ಒಳಗೆ ಹೋದಳು.

ಬಿಳಿಯನ್ನೂ ಕೆರೆಸಿದ. ಅಷ್ಟು ಹೊತ್ತಿಗೆ ಬಣ್ಣದವನು ಕಮ್ಮಾರನನ್ನು ಕಂಡರೆ ಓಣಿ ಬದಲಿಸುತ್ತಿದ್ದ. ಅವನು ಸೈಕಲ್ಲಿನ ಸುದ್ದಿ ಎತ್ತಿದರೆ ಹೆಂಡತಿ ಎದ್ದು ಹೋಗುತ್ತಿದ್ದಳು. ಗೇಟು ಮಾಡಿಸಲು ಬಂದವರು ಕಾದು ಕಾದು ಬೇರೆ ಕಮ್ಮಾರನ ಹತ್ತಿರ ಹೋದರು. ಅವನು ಮಾತ್ರ ದಣಿಯಲಿಲ್ಲ. ಸುಮ್ಮನೆ ಕೂತವನಲ್ಲ, ಹಗಲೆಲ್ಲ ದುಡಿಯುತ್ತಿದ್ದ. ಮಾಡಿದ್ದೆಲ್ಲ ಮಗಳಿಗಾಗಿ ಎಂದು ಮನಸಾರೆ ನಂಬಿದ್ದ. ಅದಕ್ಕೇ ಅವನನ್ನು ಬಯ್ಯಲು ಯಾರಿಗೂ ಬಾಯಿ ಬರಲಿಲ್ಲ.

ಕೊನೆಗೊಂದು ದಿನ ಎಲ್ಲ ಕೂಡಿಬಂತು. ಒಂದು ನೀಲಿ ಸಿಕ್ಕಿತು. ನೆರಳಿನಲ್ಲೂ ಬಿಸಿಲಿನಲ್ಲೂ ಅದು ಒಂದೇ ರೀತಿ ಕಂಡಿತು. ಹಬ್, ರಿಮ್, ಹ್ಯಾಂಡಲ್ ಎಲ್ಲದಕ್ಕೂ ಒಂದೇ ಹೊಳಪು. ಕಮ್ಮಾರ ಅದನ್ನು ಅಂಗಳದಲ್ಲಿ ನಿಲ್ಲಿಸಿದ. ಓಣಿಯ ಜನ ಬಂದು ನೋಡಿದರು. ಇಂಥ ಸೈಕಲ್ ಕಂಡಿಲ್ಲ ಎಂದರು. ಅದು ನಿಜವೂ ಆಗಿತ್ತು.

ಮಗಳನ್ನು ಕರೆಸಿದ. ಅವಳು ಹತ್ತಿ ಕೂತಳು. ಮೊಣಕಾಲು ಮೊಣಕೈಗೆ ಬಡಿಯಿತು.

"ಸೀಟು ಏರಸ್ತೀನಿ ತಡಿ," ಎಂದ ಕಮ್ಮಾರ. ಏರಿಸಿದ. ಅವಳು ಹ್ಯಾಂಡಲ್ಲಿನ ಮೇಲೆ ಮುದುಡಿಕೊಂಡಳು. ಹ್ಯಾಂಡಲ್ ಮುಂದಕ್ಕೆ ಸರಿಸಿದ. ತಿರುಗಿಸುವಾಗ ಅವಳ ಪಾದ ಮುಂದಿನ ಚಕ್ರಕ್ಕೆ ತಾಗಿತು. ಬ್ರೇಕ್ ಇಲ್ಲದ ಸೈಕಲ್ಲಿನಲ್ಲಿ ಹಾಗೆ ತಾಗಿದರೆ ಬಿದ್ದು ಹಲ್ಲು ಮುರಿದುಕೊಳ್ಳಬೇಕು. ಕಮ್ಮಾರ ಮತ್ತೆ ಸೀಟು ಇಳಿಸಿದ, ಮತ್ತೆ ಏರಿಸಿದ. ಅಳತೆ ತೆಗೆದಾಗ ಅವಳು ತಾಯಿಯ ಭುಜಕ್ಕೆ ಬರುತ್ತಿದ್ದಳು. ಈಗ ತಾಯಿಯೇ ಅವಳ ಭುಜಕ್ಕೆ ಬರುತ್ತಿದ್ದಳು. ದಿನವೂ ಸೈಕಲ್ ನೋಡುತ್ತಿದ್ದವನಿಗೆ ಅದು ಕಂಡಿರಲಿಲ್ಲ.

ಮಗಳು ಮೆಲ್ಲಗೆ ಇಳಿದಳು. ಫ್ರೇಮಿನ ಮೇಲೆ ಕೈಯಾಡಿಸಿದಳು.

"ಚೆಂದ ಅದ ಅಪ್ಪಾ. ಮನ್ಯಾಗ ಇಡೋಣು."

ಸ್ವಲ್ಪ ಹೊತ್ತಾದ ಮೇಲೆ ಅವಳೇ ಇನ್ನೊಂದು ಮಾತು ಹೇಳಿದಳು. ನಿಲಯದಲ್ಲಿ ಗಿಡ್ಡ ಹುಡುಗಿಯರಿದ್ದಾರೆ, ಯಾರಿಗಾದರೂ ಸರಿಹೋಗುತ್ತದೆ, ಕೊಡೋಣ ಎಂದಳು. ಕಮ್ಮಾರ ಸೈಕಲ್ಲಿಗೆ ಅಡ್ಡ ನಿಂತ. ಅವರು ಕೆಡವುತ್ತಾರೆ, ಬಣ್ಣ ಹೋಗುತ್ತದೆ ಎಂದ. ಆಗ ಮಾತ್ರ ಅವನ ಹೆಂಡತಿ ಜೋರಾಗಿ ಅತ್ತಳು.

ಮಗಳು ನಿಲಯಕ್ಕೆ ಹೋಗಿ ಯಾವ ಸೈಕಲ್ ಇದ್ದರೂ ಸರಿ ಎಂದು ಕೇಳಿದಳು. ಒಂದು ಸಿಕ್ಕಿತು. ಅದರ ಒಂದು ಗಾಲಿ ಕಪ್ಪು, ಒಂದು ಬಿಳಿ. ದೊಡ್ಡವರ ಗುಂಪಿನಲ್ಲಿ ಕೆಲವು ವರ್ಷ ಓಡಿಸಿದಳು. ತಪ್ಪಿದ ಅಭ್ಯಾಸ ಪೂರ್ತಿ ಕೈಗೆ ಹತ್ತಲಿಲ್ಲ. ಸೋಲಿಗಿಂತ ಮೇಲೆ, ಗೆಲುವಿಗಿಂತ ಕೆಳಗೆ ಉಳಿದಳು. ಈಗ ಬೇರೆ ಊರಿನಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸುತ್ತಾಳೆ. ಕಮ್ಮಾರನ ಮನೆಯಲ್ಲಿ ಆ ಸೈಕಲ್ ಇನ್ನೂ ಇದೆ. ತುಳಿಯದೆ ಟೈರು ಬಿರಿದಿವೆ. ಹಬ್ಬಕ್ಕೆ ಮಗಳು ಬಂದಾಗ ಅವನು ಅದನ್ನು ಒರೆಸಿ ತೋರಿಸುತ್ತಾನೆ. ಅವಳು ಚೆಂದ ಅದ ಎನ್ನುತ್ತಾಳೆ.

ಇಷ್ಟು ಹೇಳಿ ಮುರಿಗೆಪ್ಪ ಗುರುಗಳು ನಿಲ್ಲಿಸಿದರು.

ಯಲಗೂರೇಶ ತಲೆ ತಗ್ಗಿಸಿ ಕೂತಿದ್ದ. ಅವನ ಮುಖ ಬಾಡಿತ್ತು. ಕತೆ ಅವನಿಗೆ ನಾಟಿದೆ ಎಂದು ಗುರುಗಳಿಗೆ ಅನಿಸಿತು. ಅವರು ಅರಿವೆಯನ್ನು ಮತ್ತೆ ಕೈಗೆತ್ತಿಕೊಂಡರು.

ಆಗ ಯಲಗೂರೇಶ ತಲೆಯೆತ್ತಿ, ಮೆಲ್ಲಗೆ ಕೇಳಿದ: "ಗುರುಗಳೇ, ಕಡೀಕ ಹೊಡೆಸಿದ್ದು ಯಾವ ನೀಲಿರಿ? ಕಡುನೀಲಿನೋ, ತಿಳಿನೀಲಿನೋ?"

ಗುರುಗಳು ಅವನನ್ನೇ ನೋಡಿದರು.

"ಬಣ್ಣ ಕೇಳಿದಿ, ಯಲಗೂರೇಶ, ಆ ಹುಡುಗಿ ಹೆಸರು ಕೇಳಲಿಲ್ಲ."