ಹೋತರಾಯನ ಸ್ವಂತ ಬುದ್ಧಿ

ಪ್ರಯೋಗಶಾಲೆಯ ಗಂಡು ಮೇಕೆ ಹೋತರಾಯನಿಗೆ ತನ್ನ ಗಡ್ಡದಷ್ಟೇ ಬುದ್ಧಿಯ ಮೇಲೂ ಜಂಬ. ಅವನ ತಲೆಗೆ ತಂತಿ ಅಂಟಿಸಿ, ಎದುರಿಗೆ ಹತ್ತಿ ಆರುವ ಬಲ್ಬು ಇಟ್ಟಿದ್ದರು. ಮಿದುಳಿನಲ್ಲಿ ಹರಿಯುವ ವಿದ್ಯುತ್ತನ್ನು ಯಂತ್ರದ ಮುಳ್ಳು ಕಾಗದದ ಮೇಲೆ ಗೀಚುತ್ತಿತ್ತು. ಬಲ್ಬು ಬೇಗ ಮಿನುಗಿದರೆ ಗೀಟೂ ಬೇಗ ಕುಣಿಯುತ್ತಿತ್ತು. ಬಲ್ಬು ನಿಧಾನಿಸಿದರೆ ಗೀಟೂ ನಿಧಾನಿಸುತ್ತಿತ್ತು.

“ನೋಡಿದೆಯಾ ಮುಳ್ಳೇ, ಬಲ್ಬು ನನ್ನ ಮಾತು ಮೀರುವುದಿಲ್ಲ!” ಎಂದ ಹೋತರಾಯ.

“ಸ್ವಾಮಿ, ಮೊದಲು ಮಿನುಗುವುದು ಬಲ್ಬು, ತಾವು ಆಮೇಲೆ.”

“ದೊಡ್ಡವರು ಚಿಕ್ಕವರನ್ನು ಮುಂದೆ ಬಿಟ್ಟೇ ನಡೆಸುವುದು!”

ಅಷ್ಟರಲ್ಲಿ ಬಲ್ಬು ಸುಟ್ಟುಹೋಯಿತು. ಕುಣಿಯುತ್ತಿದ್ದ ಗೀಟು ಅಡ್ಡಾದಿಡ್ಡಿ ತೆವಳತೊಡಗಿತು.

“ಈಗ ತಮ್ಮ ಸ್ವಂತ ಅಭಿಪ್ರಾಯ ಅಪ್ಪಣೆಯಾಗಲಿ, ಬರೆದುಕೊಳ್ಳುತ್ತೇನೆ,” ಎಂದಿತು ಮುಳ್ಳು.

ಹೋತರಾಯ ಆರಿದ ಬಲ್ಬನ್ನೇ ಬಹಳ ಹೊತ್ತು ನೋಡಿದ.

“ಇವತ್ತು ನನಗೆ ಮೌನವ್ರತ!”

ಹೊಸ ಬಲ್ಬು ಹತ್ತುವ ತನಕ ಆ ವ್ರತ ಮುರಿಯಲಿಲ್ಲ.