ಊಟ ಆತೇನ್ರಿ?

ಏನಾಗಿರಬಹುದು, ಊಹಿಸಿ ನೋಡೋಣ. ಒಂದೇ ಗಡಿಗೆಯ ಕಷಾಯ, ಒಂದೇ ಲೋಟ. ಗಂಡ ಕುಡಿದ, ಚಳಿಜ್ವರ ಬಿಟ್ಟಿತು. ಹೆಂಡತಿ ಕುಡಿದಳು, ವಾಂತಿ ಮಾಡಿಕೊಂಡು ತಲೆ ಸುತ್ತಿ ಬಿದ್ದಳು. ಯಾಕೆ? ಗಡಿಬಿಡಿ ಬೇಡ, ನಿಧಾನವಾಗಿ ಯೋಚಿಸಿ. ಕಥೆಯ ವೈದ್ಯರೇ ಮೊದಲು ತಪ್ಪು ಊಹಿಸಿದ್ದರು. ನೀವು ತಪ್ಪಿದರೆ ನಾಚಿಕೆಯೇನಿಲ್ಲ.

ಒಂದು ರಾಜ್ಯದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಮನೆಗೂ ಚಳಿಜ್ವರ ಬರುತ್ತಿತ್ತು. ರಾಜ ತನ್ನ ವೈದ್ಯ ಗುರುಶಾಂತಯ್ಯನವರನ್ನು ಕರೆದು, "ಖಜಾನೆಯಿಂದ ಬೇಕಾದ್ದು ತೆಗೆದುಕೊಳ್ಳಿ, ಮದ್ದು ಹುಡುಕಿ" ಎಂದ. ಖಜಾನೆ ಅಂದರೆ ಯಾರದ್ದು? ಉಪ್ಪಿಗೆ, ನೂಲಿಗೆ, ಮೀನಿಗೆ ಸುಂಕ ಕೊಟ್ಟ ಜನರದ್ದೇ ಅಲ್ಲವೇ?

ವೈದ್ಯರು ಒಳ್ಳೆಯವರು. ಬೇರು, ತೊಗಟೆ ಕುದಿಸಿ ಕಷಾಯ ಮಾಡಿದರು. ನೇಕಾರರ ಕೇರಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಕೊಟ್ಟು ಪರೀಕ್ಷಿಸಲು ಶಿಷ್ಯ ಬಸವಂತನನ್ನು ಕಳಿಸಿದರು. "ತೀಕ್ಷ್ಣ ಮದ್ದು. ಹೊಟ್ಟೆ ತುಂಬ ಉಂಡವರಿಗೆ ಮಾತ್ರ ಕೊಡು. ಕೇಳದೆ ಕೊಡಬೇಡ" ಎಂದು ಹೇಳಿದ್ದರು.

ಬಸವಂತ ಕೇಳದೆ ಕೊಡಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು, "ಊಟ ಆತೇನ್ರಿ?" ಎಂದ. ಪ್ರತಿ ಬಾಗಿಲಿಂದಲೂ ಬಂದ ಉತ್ತರ ಒಂದೇ: "ಆತ್ರಿ."

ಗಂಡಸರು ಗುಣವಾದರು. ಹೆಂಗಸರು ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರು. ವೈದ್ಯರು ಗಡ್ಡ ನೀವಿಕೊಂಡು, "ಹೆಣ್ಣುಮೈಗೆ ಈ ಮದ್ದು ಆಗಿಬರುವುದಿಲ್ಲ. ನಾಳೆ ಅರಸರಿಗೆ ಹಾಗೇ ಹೇಳಿಬಿಡೋಣ" ಎಂದು ತೀರ್ಮಾನಿಸಿದರು. ಅರಸನ ಮುದ್ರೆ ಬಿದ್ದರೆ ಮುಗಿಯಿತು. ಮುಂದೆ ಯಾವ ಹೆಂಗಸಿಗೂ ಆ ಮದ್ದಿಲ್ಲ.

ಈ ಸುದ್ದಿ ಕೇರಿಯ ದ್ಯಾಮವ್ವನ ಕಿವಿಗೆ ಬಿತ್ತು. ಅವಳ ಗಂಡ ಈರಪ್ಪ ಗುಣವಾಗಿ ಮಗ್ಗಕ್ಕೆ ಕೂತಿದ್ದ. ಇವಳು ಇನ್ನೂ ಗಡಗಡ ನಡುಗುತ್ತಿದ್ದಳು.

"ನಿಮ್ಮ ಗುರುಗಳಿಗೆ ಹೇಳ್ರಿ," ಎಂದಳು ಬಸವಂತನಿಗೆ. "ನಾ ನೂತ ನೂಲಿನ ಸುಂಕ ತಗೊಳ್ಳುವಾಗ, ಇದು ಹೆಂಗಸಿನದೋ ಗಂಡಸಿನದೋ ಅಂತ ಯಾರೂ ಕೇಳಲಿಲ್ಲ. ಮದ್ದಿನ ಹೊತ್ತಿಗೆ ಯಾಕ ನೆನಪಾತು?"

ಮಾತು ವೈದ್ಯರಿಗೆ ಚುರುಕ್ಕೆಂದಿತು. ಬೆಳಗಿನಿಂದ ಬೇರು ಅರೆಯುತ್ತ ಕೂತಿದ್ದವರು, ಹೆಗಲಿಗೊಂದು ವಲ್ಲಿ ಹಾಕಿಕೊಂಡು ಹಾಗೇ ಹೊರಟರು. ಅವಳಿಗೆ ತಿಳಿಹೇಳಿ ಬಂದರಾಯಿತು ಎಂದುಕೊಂಡಿದ್ದರು.

ಹೊಸ್ತಿಲು ದಾಟಿದ್ದೇ ತಡ, ದ್ಯಾಮವ್ವ ಸೆರಗು ಹೊದ್ದುಕೊಂಡು ಎದ್ದು ಕೇಳಿದಳು. "ಬರ್ರಿ ಅಜ್ಜಾರ. ಊಟ ಆತೇನ್ರಿ?"

"ಆತವ್ವಾ," ಎಂದರು ವೈದ್ಯರು.

ಅಷ್ಟರಲ್ಲಿ ಅವರ ಹೊಟ್ಟೆ ಗುರ್ರೆಂದಿತು. ಈರಪ್ಪ ಮಗ್ಗ ನಿಲ್ಲಿಸಿ ತಿರುಗಿ ನೋಡುವಷ್ಟು ಜೋರಾಗಿ.

ವೈದ್ಯರು ನಿಂತಲ್ಲೇ ನಿಂತರು. ಬೆಳಗಿನಿಂದ ತುತ್ತು ಅನ್ನ ಕಂಡಿಲ್ಲ, ಆದರೂ 'ಆತು' ಎಂದು ಯಾಕೆ ಅಂದೆ? ಇಲ್ಲ ಅಂದರೆ ಈ ಜ್ವರದವಳು ಒಲೆ ಮುಂದೆ ಕೂರುತ್ತಾಳೆ ಅಂತ. ನಮ್ಮಲ್ಲಿ ಅದು ಪ್ರಶ್ನೆಯಲ್ಲ, ನಮಸ್ಕಾರ. ನಮಸ್ಕಾರಕ್ಕೆ ಯಾರಾದರೂ ಇಲ್ಲ ಅನ್ನುತ್ತಾರೆಯೇ?

"ತಂಗೀ," ಎಂದರು ಮೆಲ್ಲಗೆ, "ನಿಂದು ಆತೇನು?"

"ಆತ್ರಿ."

"ನಂದೂ ಹಂಗ ಆಗೈತಿ. ಏನು ಉಂಡಿ, ಅದನ್ನ ಹೇಳು."

 ಮಗ್ಗದ ಮುಂದಿನಿಂದಲೇ ಈರಪ್ಪ ನಡುವೆ ಬಾಯಿ ಹಾಕಿದ. "ಉಂಡಾಳ್ರೀ. ನಾ ಉಂಡಾಗ ಅಕೀನೂ..." ಎಂದವನು ತಡವರಿಸಿದ. "ಅಕಿ ಉಣ್ಣೋದು ನಾ ನೋಡಿಲ್ರಿ."

"ಮಾವನವರದಾಗೈತಿ, ಇವರದಾಗೈತಿ, ಹುಡುಗರದಾಗೈತಿ," ಎಂದಳು ದ್ಯಾಮವ್ವ. "ಮನೀದು ಆತಂದ್ರ ಆತಲ್ರೀ. ನಂದೇನು, ಉಳಿದ್ರ ಆಮ್ಯಾಲೆ."

ಕಷಾಯ ಹೆಣ್ಣುಮೈಗೆ ಬಿದ್ದಿರಲಿಲ್ಲ, ಬರಿಹೊಟ್ಟೆಗೆ ಬಿದ್ದಿತ್ತು. ಕೇರಿಯ ಹೆಂಗಸರೆಲ್ಲರ ಕಥೆಯೂ ಅದೇ.

"ಈರಪ್ಪಾ, ಒಲಿ ಹಚ್ಚು. ಇಬ್ಬರು ಹಸಿದವರದಾರ ಇಲ್ಲಿ," ಎಂದರು ವೈದ್ಯರು.

ಈರಪ್ಪ ತಟ್ಟಿದ ರೊಟ್ಟಿ ಯಾವ ದಿಕ್ಕಿಗೂ ದುಂಡಗಿರಲಿಲ್ಲ. ದ್ಯಾಮವ್ವ ನಡುಗುತ್ತಲೇ ನಕ್ಕಳು. ವೈದ್ಯರೂ ಅವಳೂ ಎದುರುಬದುರು ಕೂತು ಉಂಡರು. ಆಮೇಲೆ ಅವಳು ಕಷಾಯ ಕುಡಿದಳು. ವಾಂತಿಯಾಗಲಿಲ್ಲ. ಅಮಾವಾಸ್ಯೆಯ ಹೊತ್ತಿಗೆ ಚಳಿ ಬಿಟ್ಟೇ ಹೋಯಿತು.

ವೈದ್ಯರು ಅರಸನಿಗೆ, "ಮದ್ದು ತಪ್ಪಿರಲಿಲ್ಲ ಪ್ರಭು, ನಾವು ಕೇಳಿದ ಮಾತು ತಪ್ಪಿತ್ತು" ಎಂದು ಬಿನ್ನವಿಸಿದರು. ಖಜಾನೆಯ ಖರ್ಚಿನಲ್ಲೇ ಮೊದಲು ರೊಟ್ಟಿ, ಆಮೇಲೆ ಮದ್ದು ಎಂದಾಯಿತು. ಕೇರಿಯ ಹೆಂಗಸರು ಒಮ್ಮೆ ನೆಲಕ್ಕೆ ಬಿದ್ದವರು, ಆದರೂ ಮತ್ತೆ ಲೋಟಕ್ಕೆ ಕೈ ಚಾಚಿದರು. ಅವರು ಚಾಚಿದ್ದರಿಂದಲೇ ಆ ಮದ್ದು ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಸಿಕ್ಕಿತು. ವೈದ್ಯರು ಕೇರಿಯ ನಡುವೆ ನಿಂತು, "ನಿಮ್ಮ ಋಣ ನನ್ನ ಮೇಲೈತಿ ತಾಯಂದಿರಾ" ಎಂದು ಅವರಿಗೆ ಕೈಮುಗಿದರು. ನನಗೂ ಅಷ್ಟೇ, ಆ ತಾಯಂದಿರನ್ನು ನೆನೆದಾಗಲೆಲ್ಲ ಕೈಗಳು ತಾವಾಗಿ ಜೋಡಿಕೊಳ್ಳುತ್ತವೆ.

ನೀತಿ: ಎಲ್ಲರ ಸುಂಕದಿಂದ ಹುಡುಕಿದ ಮದ್ದು ಎಲ್ಲರಿಗೂ ಸಲ್ಲಬೇಕು. ಇಂಥವರಿಗೆ ಒಗ್ಗದು ಎಂದು ಕೈಬಿಡುವ ಮೊದಲು ಅವರ ಮನೆಗೆ ಹೋಗಿ, ಅವರ ಬದುಕನ್ನು ಕೇಳಿ ತಿಳಿಯಬೇಕು. ಮೈಯೊಡ್ಡಿ ಮದ್ದಿನ ಗುಣ ತೋರಿಸಿಕೊಟ್ಟವರನ್ನು ಮರೆಯಬಾರದು.

ರಾಜ್ಯ ಯಾವುದು, ರಾಜ ಯಾರು ಎಂದು ಕೇಳಿದರೆ ನಾನು ಹೇಳಲಾರೆ. ಆದರೆ ದ್ಯಾಮವ್ವ ಹೊಟ್ಟೆ ತುಂಬ ಉಂಡು ಮದ್ದು ಕುಡಿದ ದಿನ ಮಾತ್ರ ಖಚಿತ: ಭಾದ್ರಪದ ಬಹುಳ ತದಿಗೆ, ಬುಧವಾರ.